ಎರಡು ವರ್ಷ ಯಾರೂ ಕೊಳ್ಳದ ನೇಗಿಲು

ಕಿರ್ಲೋಸ್ಕರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪಂಪ್‌ಸೆಟ್. ಆದರೆ ಆ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯವರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರು ಹುಟ್ಟಿದ್ದು 1869ರಲ್ಲಿ, ಗುರ್ಲಹೊಸೂರಿನಲ್ಲಿ. ಚಿತ್ರ ಬರೆಯೋ ಹುಚ್ಚು ಜಾಸ್ತಿ. ಮುಂಬೈನ ಜೆ.ಜೆ. ಕಲಾ ಶಾಲೆಗೆ ಸೇರಿದರು. ಅಲ್ಲಿ ಕೆಲವು ಬಣ್ಣಗಳ ವ್ಯತ್ಯಾಸ ತಮ್ಮ ಕಣ್ಣಿಗೆ ಕಾಣಲ್ಲ ಅಂತ ಗೊತ್ತಾಯ್ತು. ಪೇಂಟಿಂಗ್ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. (ಫಸ್ಟ್ ಇಯರ್‌ನಲ್ಲಿ ಡ್ರಾಯಿಂಗ್ ಶೀಟ್ ಜೊತೆ ಒದ್ದಾಡಿದ ನಮಗೆ ಇದು ನಂಬೋಕೇ ಕಷ್ಟ.) ಅಲ್ಲೇ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರಾದರು. ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಅಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು.

ಮರದ ನೇಗಿಲು ಮಣ್ಣಿನ ಮೇಲ್ಪದರವನ್ನು ಗೀರುತ್ತೆ ಅಷ್ಟೆ. ಕಬ್ಬಿಣದ್ದು ಆಳಕ್ಕೆ ಇಳಿದು ಮಣ್ಣನ್ನು ಮಗುಚಿ ಹಾಕುತ್ತೆ, ಕಳೆಯ ಬೇರೂ ಮೇಲೆ ಬರುತ್ತೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ಪ್ರಶ್ನೆಯೇ ಇಲ್ಲ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ, ಬೆಳೆ ಬರಲ್ಲ ಅಂತ ರೈತರು ನಂಬಿದ್ದರು. ಮೊದಲ ನೇಗಿಲು ಮಾರೋಕೆ ಎರಡು ವರ್ಷ ಹಿಡೀತು! ಹಾಕಿದ ದುಡ್ಡೆಲ್ಲ ಕಬ್ಬಿಣವಾಗಿ ಕಣ್ಣೆದುರೇ ಕೂತಿರುತ್ತೆ, ಕೇಳೋರಿಲ್ಲ. ರೈತರನ್ನ ದಡ್ಡರು ಅನ್ನೋದು ಸುಲಭ. ನಮಗೆ ಹಾಗನ್ನಿಸಲ್ಲ. ಮರದ ನೇಗಿಲು ಮುರಿದರೆ ಊರ ಬಡಗಿಯೇ ಸರಿಮಾಡಿಕೊಡ್ತಾನೆ. ಒಂದು ಬೆಳೆ ಕೈಕೊಟ್ಟರೆ ವರ್ಷವೇ ಹೋಯ್ತು. ಅಂಥವರು ಹೊಸದನ್ನ ಮೊದಲು ಪಕ್ಕದ ಹೊಲದಲ್ಲಿ ನೋಡೋಣ ಅಂದುಕೊಂಡರೆ ತಪ್ಪೇನು?

ಲಕ್ಷ್ಮಣರಾವ್ ಬಾಗಿಲು ಹಾಕಲಿಲ್ಲ. ಕೊನೆಗೂ ನೇಗಿಲು ಹೊಲಕ್ಕಿಳಿದು ಬೆಳೆ ಬಂದಾಗಲೇ ಆ ಭಯ ಕರಗುತ್ತಾ ಬಂತು.

ಹಾಗಂತ ಕಷ್ಟ ಮುಗೀಲಿಲ್ಲ. ಹೊಸ ಬಡಾವಣೆಗೆ ಜಾಗ ಬೇಕು ಅಂತ ಬೆಳಗಾವಿ ಮುನಿಸಿಪಾಲಿಟಿ ಕಾರ್ಖಾನೆ ಖಾಲಿ ಮಾಡಿಸಿತು. ಆಗ ಔಂಧ್ ಸಂಸ್ಥಾನದ ರಾಜರು ತಮ್ಮ ಸೀಮೆಯಲ್ಲಿ ಜಾಗ ಕೊಟ್ಟರು. ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ, ಬರೀ ಪಾಪಾಸುಕಳ್ಳಿ, ಹಾವು. 1910ರಲ್ಲಿ ಕೆಲಸಗಾರರನ್ನ ಕರ್ಕೊಂಡು ಅಲ್ಲಿಗೆ ಹೋಗಿ, ಕಾರ್ಖಾನೆ ಜೊತೆ ಊರನ್ನೂ ಕಟ್ಟಿದರು. ಅದೇ ಕಿರ್ಲೋಸ್ಕರ್‌ವಾಡಿ. 1956ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಅವರ ಮನೆತನದ ಕಾರ್ಖಾನೆಗಳು ನಮ್ಮ ಹರಿಹರ, ಬೆಂಗಳೂರಿಗೂ ಬಂದಿದ್ದವು.

ನಮಗೆ ತುಂಬಾ ಇಷ್ಟವಾದ ಘಟನೆ ಮೊದಲ ಮಹಾಯುದ್ಧದ ಕಾಲದ್ದು. ಈಗ ಎಲ್ಲ ಉಲ್ಟಾ: ನೇಗಿಲು ಬೇಕು ಅನ್ನೋರಿದ್ದಾರೆ, ಮಾಡೋಕೆ ಕಬ್ಬಿಣ ಇಲ್ಲ. ಆಗ ಕೊಲ್ಲಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೇ ಫಿರಂಗಿಗಳನ್ನ ಕೊಟ್ಟರು. ಲಕ್ಷ್ಮಣರಾವ್ ಅವನ್ನು ಕರಗಿಸಿ ನೇಗಿಲು ಮಾಡಿದರು.