ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್.ಆರ್. ರಂಗನಾಥನ್

ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರಲ್ಲಿ ಇಂದಿನ ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದರು. ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾದರು. ಮೊದಲು ಈ ಹುದ್ದೆ ಅವರಿಗೆ ರುಚಿಸಲಿಲ್ಲ. ಲಂಡನ್ನಿನಲ್ಲಿ ತರಬೇತಿ ಪಡೆದ ನಂತರ ತಮ್ಮ ಬಾಳನ್ನೇ ಅದಕ್ಕೆ ಮುಡಿಪಾಗಿಟ್ಟರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನೂ 1933ರಲ್ಲಿ ದ್ವಿಬಿಂದು ವರ್ಗೀಕರಣ ಪದ್ಧತಿಯನ್ನೂ ಪ್ರಕಟಿಸಿದರು. ಗ್ರಂಥಾಲಯವು ಸದಾ ಬೆಳೆಯುವ ಜೀವಿ ಎಂಬುದು ಐದನೆಯ ಸೂತ್ರದ ಸಾರ.

1957ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು ಬಳಿಕ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಹಿಂದೆ ಅವರ ಕರಡಿನ ಬಲವಿತ್ತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಂತಹ ಗ್ರಾಮಗಳೂ ಈ ಏಕರೂಪದ ಕಾನೂನಿನ ವ್ಯಾಪ್ತಿಗೆ ಬಂದವು. 1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ನಿಧನರಾದರು.

ಗ್ರಂಥಾಲಯಕ್ಕೆ ಸೇರದ ಕೃತಿ ಮುಂದಿನ ಓದುಗನಿಗೆ ದೊರೆಯದು. ಆದುದರಿಂದಲೇ 1954ರ ಪುಸ್ತಕಗಳ ಸಲ್ಲಿಕೆ ಅಧಿನಿಯಮದಂತೆ ಪ್ರಕಾಶಕರು ಪ್ರಕಟಣೆಯಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ ಮತ್ತು ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿಯನ್ನು ಸ್ವಂತ ವೆಚ್ಚದಲ್ಲಿ ಸಲ್ಲಿಸತಕ್ಕದ್ದು. ಮುದ್ರಿತ ಪುಸ್ತಕಗಳ ಕಾಲದಲ್ಲಿ ರಚಿತವಾದ ಈ ಅಧಿನಿಯಮವು ವಿದ್ಯುನ್ಮಾನ ಪುಸ್ತಕಗಳನ್ನು ಹೆಸರಿಸಿಲ್ಲ. ಅಂತಹ ಕೃತಿಯನ್ನು ಮಾತ್ರ ಹೊರತರುವವರು ಅದರ ಪ್ರತಿಯನ್ನು ಸುರಕ್ಷಿತವಾಗಿ ಕಾಯ್ದಿರಿಸಿಕೊಳ್ಳುವುದು ಅವಶ್ಯಕ. ಬೆಳೆಯುವ ಗ್ರಂಥಾಲಯವೆಂಬ ರಂಗನಾಥನ್ ಅವರ ಚಿಂತನೆ ಈ ಹೊಸ ಪ್ರಕಟಣೆಗಳಿಗೂ ಅನ್ವಯಿಸುತ್ತದೆ.