ಕುಮಾರಿ ಫ್ಲಾರೆನ್ಸ್ ನೈಟಿಂಗೇಲ್

ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಸಂಚರಿಸುವ ನೈಟಿಂಗೇಲರ ಚಿತ್ರವನ್ನು ವಾಚಕರು ಶಾಲಾಪುಸ್ತಕಗಳಲ್ಲಿ ಕಂಡೇ ಇರುವರು. ಆ ದೀಪವನ್ನು ಬದಿಗಿರಿಸಿ, ಈಕೆಯ ಅಡುಗೆಮನೆ ಹಾಗೂ ಲೆಕ್ಕಪುಸ್ತಕಗಳ ವಿಚಾರವನ್ನು ಹೇಳಬಯಸುತ್ತೇವೆ. ಒಲೆಯ ಮುಂದೆ ವರ್ಷಗಳನ್ನು ಕಳೆದ ನಮಗೂ, ರಿಜಿಸ್ಟರುಗಳೊಡನೆ ದಿನಗಳೆಯುವ ಗುಮಾಸ್ತ ಬಂಧುಗಳಿಗೂ ಅದೇ ಹೆಚ್ಚು ಹತ್ತಿರದ್ದು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನದಲ್ಲಿ ಜನಿಸಿದ ಈಕೆ ದಾದಿಯಾಗುವುದು ಮನೆಯವರಿಗೆ ಸಮ್ಮತವಿರಲಿಲ್ಲ. ಅಂದು ಆ ವೃತ್ತಿಗೆ ಮರ್ಯಾದೆಯಿರಲಿಲ್ಲ. ಆದರೂ ಹಠ ಬಿಡದೆ ಜರ್ಮನಿಗೆ ಹೋಗಿ ಶುಶ್ರೂಷೆಯನ್ನು ಕಲಿತರು. ಕ್ರೈಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಿಳಿದರು.

ಅಲ್ಲಿಯ ಅಡುಗೆಯ ಸ್ಥಿತಿಯನ್ನು ಓದಿ ನಮಗೆ ಹೊಟ್ಟೆ ತೊಳಸಿತು. ಮಾಂಸದ ತುಂಡುಗಳಿಗೆ ಗುರುತು ಕಟ್ಟಿ ಒಂದೇ ಹಂಡೆಗೆ ಹಾಕುವರು. ಕೆಲವು ಬೇಯುವುವು, ಕೆಲವು ಹಸಿಯಾಗಿಯೇ ಉಳಿಯುವುವು. ಅದೇ ಹಂಡೆಯಲ್ಲಿ ಚಹ! ನಮ್ಮ ಹೋಟೆಲಿನ ಕ್ಲೀನರ್ ಹುಡುಗನೂ ಇದನ್ನು ಒಪ್ಪಲಾರ. ನೈಟಿಂಗೇಲರು ರೋಗಿಗಳಿಗೆಂದೇ ಪಥ್ಯದ ಅಡುಗೆಮನೆಗಳನ್ನು ತೆರೆದರು. ಬಟ್ಟೆ ಒಗೆಯಲು ಬಿಸಿನೀರಿನ ವ್ಯವಸ್ಥೆ ಮಾಡಿಸಿದರು. 1855ರಲ್ಲಿ ಲಂಡನ್ನಿನ ಪ್ರಖ್ಯಾತ ಬಾಣಸಿಗ ಅಲೆಕ್ಸಿಸ್ ಸೋಯರ್ ಅಲ್ಲಿಗೆ ಹೋಗಿ ಸೈನಿಕರಿಗೆ ಅಡುಗೆ ಕಲಿಸಿದನು. ಅವನು ರಚಿಸಿದ ಒಲೆ ಬ್ರಿಟಿಷ್ ಸೈನ್ಯದಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಉರಿಯಿತು. ಯುದ್ಧದ ಚರಿತ್ರೆಗಳಲ್ಲಿ ಅಡುಗೆಯವನ ಹೆಸರು ಬರುವುದು ಅಪರೂಪವಾದಕಾರಣ ಇಲ್ಲಿ ಬರೆದಿದ್ದೇವೆ.

ಆದರೆ ಊಟವೊಂದರಿಂದಲೇ ಜೀವ ಉಳಿಯಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಮರಣಪ್ರಮಾಣ ನೂರಕ್ಕೆ ಸುಮಾರು 42. ಮಾರ್ಚಿನಲ್ಲಿ ಬಂದ ಆರೋಗ್ಯ ಆಯೋಗದವರು ಚರಂಡಿಗಳನ್ನು ತೊಳೆಸಿದ ಮೇಲೆ ಅದು ಬೇಗನೆ ಇಳಿಯಿತು. ಸತ್ತವರ ಲೆಕ್ಕವೂ ಸರಿಯಿರಲಿಲ್ಲ; ಒಂದು ರಿಜಿಸ್ಟರು ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ ಈಕೆ ಅಂಕಿಸಂಖ್ಯಾತಜ್ಞ ವಿಲಿಯಂ ಫಾರ್ ಅವರೊಡನೆ ಕುಳಿತು ಲೆಕ್ಕ ಶೋಧಿಸಿ, ಶತ್ರುವಿನ ಗುಂಡಿಗಿಂತ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದುವೆಂದು ಬಣ್ಣದ ನಕ್ಷೆಗಳಿಂದ ತೋರಿಸಿದರು. ಸರಕಾರಕ್ಕೆ ಉತ್ತರವಿರಲಿಲ್ಲ.

ಅನಂತರ ಅವರ ದೃಷ್ಟಿ ಭಾರತದ ದಂಡುಗಳತ್ತ ಹೊರಳಿತು. ಇಲ್ಲಿಯ ಗೋರಾ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಘಾಜಿಯಾಬಾದಿನ ನಮಗೆ ನೆರೆಯ ಮೀರತ್ ದಂಡು ಪರಿಚಿತ; ನಮ್ಮ ಬೆಂಗಳೂರು ದಂಡಿನ ಮಾತೂ ಅವರ ಬರಹದಲ್ಲಿದೆ. ಬಜಾರಿನ ಕೊಳೆಯೆಲ್ಲ ಹರಿದು ಸೇರುವ ಹಲಸೂರು ಕೆರೆಯ ನೀರನ್ನೇ ಕುಡಿಯುವುದನ್ನು ಅವರು 1863ರಲ್ಲಿಯೇ ಖಂಡಿಸಿದ್ದರು. 1888ರಲ್ಲಿ ಇಂಗ್ಲೆಂಡಿನಿಂದ ತರಬೇತಾದ ದಾದಿಯರ ಮೊದಲ ತಂಡ ಭಾರತದ ಸೈನಿಕ ಆಸ್ಪತ್ರೆಗಳಿಗೆ ಬಂದಿತು.

ಭಾರತವನ್ನು ಒಮ್ಮೆಯೂ ಕಾಣದೆ, 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಸಮಾಧಿಯ ಮೇಲೆ ಅವರ ಪೂರ್ಣ ಹೆಸರಿಲ್ಲ. ಎರಡು ಅಕ್ಷರಗಳೂ ಜನನ ಮರಣಗಳ ಕಾಲವೂ ಮಾತ್ರ ಇವೆ.