ವಿನ್ಸ್ ಗ್ವರಾಲ್ಡಿ

ವಿನ್ಸ್ ಗ್ವರಾಲ್ಡಿ (ಜುಲೈ 17, 1928 – ಫೆಬ್ರವರಿ 6, 1976) ಅಮೇರಿಕದ ಜಾಝ್ ಪಿಯಾನೋ ವಾದಕ ಹಾಗೂ ಸ್ವರಸಂಯೋಜಕ. 1965ರಲ್ಲಿ ಪ್ರಸಾರವಾದ 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್' ಎಂಬ ಅನಿಮೇಷನ್ ದೂರದರ್ಶನ ಚಿತ್ರಕ್ಕೆ ಅವರು ನೀಡಿದ ಸಂಗೀತವು ಇಂದಿಗೂ ಪ್ರತಿವರ್ಷ ಡಿಸೆಂಬರಿನಲ್ಲಿ ಅಮೇರಿಕದ ಮನೆ, ಅಂಗಡಿ, ರೇಡಿಯೋಗಳಲ್ಲಿ ಕೇಳಿಬರುತ್ತದೆ. ಈ ಚಿತ್ರದ 'ಕ್ರಿಸ್ಮಸ್ ಟೈಮ್ ಈಸ್ ಹಿಯರ್' ಗೀತೆ ಮತ್ತು 'ಲೈನಸ್ ಅಂಡ್ ಲೂಸಿ' ಎಂಬ ವಾದ್ಯಕೃತಿ ಅವರ ಅತ್ಯಂತ ಪರಿಚಿತ ರಚನೆಗಳು. ರಾಗವನ್ನು ಬಲ್ಲವರ ಸಂಖ್ಯೆಗೆ ಹೋಲಿಸಿದರೆ ಅದನ್ನು ರಚಿಸಿದವರ ಹೆಸರನ್ನು ಬಲ್ಲವರ ಸಂಖ್ಯೆ ತೀರ ಕಡಿಮೆ. ಗ್ವರಾಲ್ಡಿಯವರ ಜೀವಿತಕಾಲದಲ್ಲಿಯೂ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

ಆರಂಭಿಕ ಜೀವನ

ಗ್ವರಾಲ್ಡಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇಟಲಿ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಇಟಲಿಯಿಂದ ವಲಸೆ ಬಂದವರು ಹೆಚ್ಚಾಗಿ ನೆಲೆಸಿದ್ದ ನಾರ್ತ್ ಬೀಚ್ ಅವರ ಬಾಲ್ಯದ ಬಡಾವಣೆ. ಹುಟ್ಟಿದಾಗಿನ ಹೆಸರು ವಿನ್ಸೆಂಟ್ ಆಂಥೊನಿ ಡೆಲಾಲಿಯೊ. ತಂದೆತಾಯಿಯರು ಬೇರ್ಪಟ್ಟ ನಂತರ ತಾಯಿ ಮರುಮದುವೆಯಾದರು. ಮಲತಂದೆ ಬಾಲಕನನ್ನು ದತ್ತು ಸ್ವೀಕರಿಸಿದುದರಿಂದ ಗ್ವರಾಲ್ಡಿ ಎಂಬ ಮನೆತನದ ಹೆಸರು ಬಂದಿತು.

ಸಂಗೀತವು ತಾಯಿಯ ತವರಿನ ಕಡೆಯಿಂದ ಬಂದ ಬಳುವಳಿ. ಸೋದರಮಾವಂದಿರಾದ ಜೋ ಮಾರ್ಸೆಲಿನೊ ಮತ್ತು ಮುಝಿ ಮಾರ್ಸೆಲಿನೊ ಇಬ್ಬರೂ ವಾದ್ಯವೃಂದಗಳನ್ನು ನಡೆಸುತ್ತಿದ್ದರು. ಮುಝಿಯವರು ಗಾಯಕರಾಗಿ ಮಾತ್ರವಲ್ಲದೆ ಶಿಳ್ಳೆಯಲ್ಲಿ ರಾಗ ನುಡಿಸುವುದಕ್ಕೂ ಹೆಸರಾಗಿದ್ದರು. ಗ್ವರಾಲ್ಡಿ ಲಿಂಕನ್ ಹೈಸ್ಕೂಲಿನಲ್ಲಿ ಓದಿ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕೆಲಕಾಲ ಕಲಿತರು. ಕೊರಿಯಾ ಯುದ್ಧದ ಅವಧಿಯಲ್ಲಿ ಸೈನ್ಯದಲ್ಲಿ ಅಡುಗೆಯವರಾಗಿ ಸೇವೆ ಸಲ್ಲಿಸಿದರು. 1949ರಲ್ಲಿ ಸ್ಥಳೀಯ ದಿನಪತ್ರಿಕೆಯೊಂದರ ಮುದ್ರಣ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬೆರಳೊಂದನ್ನು ಕಳೆದುಕೊಳ್ಳುವುದರಿಂದ ಸ್ವಲ್ಪದರಲ್ಲಿ ಪಾರಾದರು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವ ನಿರ್ಧಾರಕ್ಕೆ ಈ ಘಟನೆಯೂ ಕಾರಣವಾಯಿತು.

ಜಾಝ್ ಕ್ಲಬ್ಬುಗಳಲ್ಲಿ

ಕಂಪನವಾದ್ಯ ವೈಬ್ರಫೋನಿನ ವಾದಕರಾದ ಕಾಲ್ ಜೇಡರ್ ಅವರ ತಂಡದೊಂದಿಗೆ 1953ರಲ್ಲಿ ಗ್ವರಾಲ್ಡಿಯವರ ಮೊದಲ ಧ್ವನಿಮುದ್ರಣ ನಡೆಯಿತು. 1955ರಲ್ಲಿ ಗಿಟಾರ್ ವಾದಕ ಎಡ್ಡಿ ಡುರಾನ್ ಮತ್ತು ಬಾಸ್ ವಾದಕ ಡೀನ್ ರೈಲಿ ಅವರೊಂದಿಗೆ ತಮ್ಮದೇ ಮೂವರ ತಂಡ ಕಟ್ಟಿ, ನಾರ್ತ್ ಬೀಚಿನ 'ಹಂಗ್ರಿ ಐ' ಎಂಬ ಕ್ಲಬ್ಬಿನಲ್ಲಿ ನುಡಿಸತೊಡಗಿದರು. ನಂತರದ ವರ್ಷಗಳಲ್ಲಿ ವುಡಿ ಹರ್ಮನ್ ಅವರ ದೊಡ್ಡ ವಾದ್ಯವೃಂದದೊಂದಿಗೆ ಪ್ರವಾಸ ಮಾಡಿದರು. ಪುನಃ ಜೇಡರ್ ಅವರ ತಂಡ ಸೇರಿ 1958ರ ಮೊದಲ ಮಾಂಟೆರೆ ಜಾಝ್ ಉತ್ಸವದಲ್ಲಿ ಪಾಲ್ಗೊಂಡರು. ಗಿಡ್ಡ ಮೈಕಟ್ಟು, ಚಿಕ್ಕ ಕೈಗಳು, ತುದಿ ತಿರುವಿದ ದಪ್ಪ ಮೀಸೆ ಇವು ಅವರ ಗುರುತುಗಳಾಗಿದ್ದವು. ಕೈ ಚಿಕ್ಕದಾದುದರಿಂದ ದೂರದೂರದ ಮನೆಗಳನ್ನು ಒಮ್ಮೆಗೇ ಹಿಡಿಯುವುದು ಅವರಿಗೆ ಸುಲಭವಿರಲಿಲ್ಲ. ಎಡಗೈಯಲ್ಲಿ ಪುನರಾವರ್ತನೆಯಾಗುವ ಬಲವಾದ ಲಯ, ಬಲಗೈಯಲ್ಲಿ ಹಾಡಿಕೊಳ್ಳಬಹುದಾದ ಸರಳ ರಾಗ ಎಂಬ ಅವರ ಶೈಲಿ ಈ ವರ್ಷಗಳಲ್ಲಿಯೇ ರೂಪುಗೊಂಡಿತು.

1959ರಲ್ಲಿ ಬಂದ ಮಾರ್ಸೆಲ್ ಕಾಮು ಅವರ 'ಬ್ಲ್ಯಾಕ್ ಆರ್ಫಿಯಸ್' ಚಲನಚಿತ್ರವು ಬ್ರೆಝಿಲಿನ ಸಂಗೀತವನ್ನು ಜಗತ್ತಿಗೆ ಪರಿಚಯಿಸಿತ್ತು. ಅದರ ರಾಗಗಳನ್ನು ಜಾಝ್ ಶೈಲಿಯಲ್ಲಿ ನುಡಿಸಿದ ಗ್ವರಾಲ್ಡಿಯವರ ಆಲ್ಬಂ 1962ರಲ್ಲಿ ಫ್ಯಾಂಟಸಿ ರೆಕಾರ್ಡ್ಸ್ ಸಂಸ್ಥೆಯಿಂದ ಹೊರಬಂದಿತು. ಇದರಿಂದ ಆಯ್ದ ಒಂದು ಚಿಕ್ಕ ತಟ್ಟೆಯ ಮುಖ್ಯ ಬದಿಯಲ್ಲಿ ಚಲನಚಿತ್ರದ ಸಾಂಬಾ ರಾಗವನ್ನೂ, ಹಿಂಬದಿಯಲ್ಲಿ ಗ್ವರಾಲ್ಡಿಯವರ ಸ್ವಂತ ರಚನೆಯಾದ 'ಕ್ಯಾಸ್ಟ್ ಯುವರ್ ಫೇಟ್ ಟು ದ ವಿಂಡ್' ಅನ್ನೂ ಮುದ್ರಿಸಲಾಗಿತ್ತು. ರೇಡಿಯೋ ನಿರೂಪಕರು ತಟ್ಟೆಯನ್ನು ಮಗುಚಿ ಹಿಂಬದಿಯನ್ನೇ ಪ್ರಸಾರ ಮಾಡತೊಡಗಿದರು. ಮಾತಿಲ್ಲದ, ಶುದ್ಧ ಜಾಝ್ ವಾದನವೊಂದು 1963ರಲ್ಲಿ ಅಮೇರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 22ನೆಯ ಸ್ಥಾನದವರೆಗೆ ಏರಿದುದು ಆ ಕಾಲಕ್ಕೆ ಅಪರೂಪದ ಸಂಗತಿ. ಅದೇ ವರ್ಷ ಈ ರಚನೆಗೆ ಅತ್ಯುತ್ತಮ ಸ್ವಂತ ಜಾಝ್ ರಚನೆಯೆಂದು ಗ್ರ್ಯಾಮಿ ಪ್ರಶಸ್ತಿ ಲಭಿಸಿತು. ಜಾಝ್ ವಲಯದ ಕೆಲವರು ಜನಪ್ರಿಯತೆಯನ್ನೇ ದೋಷವೆಂದು ಎಣಿಸುತ್ತಿದ್ದ ಕಾಲವದು. ಗ್ವರಾಲ್ಡಿಯವರಿಗೆ ಆ ಬಗ್ಗೆ ಸಂಕೋಚವಿರಲಿಲ್ಲ.

ಈ ಯಶಸ್ಸಿನ ನಂತರ ಬ್ರೆಝಿಲಿನ ಗಿಟಾರ್ ವಾದಕ ಬೋಲಾ ಸೆಟೆ ಅವರೊಂದಿಗೆ ಹಲವು ಆಲ್ಬಂಗಳನ್ನು ಧ್ವನಿಮುದ್ರಿಸಿದರು. 1965ರ ಮೇ 21ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕ್ಯಾಥೆಡ್ರಲ್‌ನಲ್ಲಿ, ಕ್ರೈಸ್ತ ಆರಾಧನೆಯ ಹಾಡುಗಳನ್ನು ಜಾಝ್ ವಾದನದೊಂದಿಗೆ ಹೆಣೆದ ಅವರ ಕೃತಿಯನ್ನು ಗಾಯಕವೃಂದದೊಡನೆ ಪ್ರಸ್ತುತಪಡಿಸಲಾಯಿತು. ಸಮೀಪದ ಸ್ಯಾನ್ ರಫೇಲ್ ಪಟ್ಟಣದ ಸೇಂಟ್ ಪಾಲ್ಸ್ ಚರ್ಚಿನ ಗಾಯಕರು ಇದರಲ್ಲಿ ಹಾಡಿದರು. ಕೆಲವೇ ತಿಂಗಳುಗಳಲ್ಲಿ ಅದೇ ಚರ್ಚಿನ ಮಕ್ಕಳ ಧ್ವನಿ ಗ್ವರಾಲ್ಡಿಯವರಿಗೆ ಮತ್ತೊಮ್ಮೆ ಅಗತ್ಯವಾಯಿತು.

ಪೀನಟ್ಸ್ ಜೊತೆಗಿನ ನಂಟು

ಚಾರ್ಲ್ಸ್ ಶುಲ್ಝ್ ಅವರ 'ಪೀನಟ್ಸ್' 1950ರಿಂದ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದ ವ್ಯಂಗ್ಯಚಿತ್ರ ಮಾಲಿಕೆ. ಸೋಲುಗಳಿಗೆ ಒಗ್ಗಿಹೋದ ಬಾಲಕ ಚಾರ್ಲಿ ಬ್ರೌನ್, ಅವನ ನಾಯಿ ಸ್ನೂಪಿ, ಗೆಳೆಯರಾದ ಲೈನಸ್, ಲೂಸಿ, ಶ್ರೋಡರ್ ಇದರ ಮುಖ್ಯ ಪಾತ್ರಗಳು. 1963ರಲ್ಲಿ ಲೀ ಮೆಂಡೆಲ್ಸನ್ ಎಂಬ ನಿರ್ಮಾಪಕರು ಶುಲ್ಝ್ ಅವರ ಕುರಿತು ಸಾಕ್ಷ್ಯಚಿತ್ರವೊಂದನ್ನು ತಯಾರಿಸುತ್ತಿದ್ದರು. ಟ್ಯಾಕ್ಸಿಯಲ್ಲಿ ಗೋಲ್ಡನ್ ಗೇಟ್ ಸೇತುವೆಯನ್ನು ದಾಟುವಾಗ ರೇಡಿಯೋದಲ್ಲಿ 'ಕ್ಯಾಸ್ಟ್ ಯುವರ್ ಫೇಟ್ ಟು ದ ವಿಂಡ್' ಕೇಳಿ, ತಮ್ಮ ಚಿತ್ರಕ್ಕೆ ಬೇಕಾದ ಸಂಗೀತ ಇದೇ ಎಂದು ಅವರಿಗೆ ಅನಿಸಿತು. ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಜಾಝ್ ಅಂಕಣಕಾರ ರಾಲ್ಫ್ ಗ್ಲೀಸನ್ ಅವರ ಮೂಲಕ ಗ್ವರಾಲ್ಡಿಯವರನ್ನು ಸಂಪರ್ಕಿಸಿದರು.

ಕೆಲವು ದಿನಗಳ ನಂತರ ಗ್ವರಾಲ್ಡಿ ದೂರವಾಣಿ ಕರೆ ಮಾಡಿ, ಆಗಷ್ಟೇ ಹೊಳೆದ ರಾಗವೊಂದನ್ನು ಕೇಳಬೇಕೆಂದರು. ದೂರವಾಣಿಯಲ್ಲಿ ಬೇಡ, ಮುಖತಃ ಕೇಳುವೆನೆಂದು ಮೆಂಡೆಲ್ಸನ್ ಹೇಳಿದರೂ ಒಪ್ಪದೆ, ಈಗಲೇ ಯಾರಿಗಾದರೂ ಕೇಳಿಸದಿದ್ದರೆ ಮರೆತುಹೋಗುತ್ತದೆಂಬ ಆತಂಕದಿಂದ ಅಲ್ಲಿಯೇ ನುಡಿಸಿದರು. ಆ ರಾಗವೇ 'ಲೈನಸ್ ಅಂಡ್ ಲೂಸಿ'. ಸಾಕ್ಷ್ಯಚಿತ್ರವನ್ನು ಕೊಳ್ಳಲು ಯಾವ ದೂರದರ್ಶನ ಜಾಲವೂ ಮುಂದೆ ಬರಲಿಲ್ಲ. ಚಿತ್ರ ಮೂಲೆಗುಂಪಾದರೂ ಅದರ ಸಂಗೀತ 1964ರಲ್ಲಿ ಆಲ್ಬಂ ಆಗಿ ಬಿಡುಗಡೆಯಾಯಿತು.

ಎ ಚಾರ್ಲಿ ಬ್ರೌನ್ ಕ್ರಿಸ್ಮಸ್

1965ರಲ್ಲಿ ಕೋಕಾ-ಕೋಲಾ ಸಂಸ್ಥೆ ಕ್ರಿಸ್ಮಸ್ ವಿಶೇಷ ಕಾರ್ಯಕ್ರಮವೊಂದನ್ನು ಪ್ರಾಯೋಜಿಸಲು ಮುಂದಾದಾಗ ಮೆಂಡೆಲ್ಸನ್, ಶುಲ್ಝ್ ಮತ್ತು ಅನಿಮೇಷನ್ ನಿರ್ದೇಶಕ ಬಿಲ್ ಮೆಲೆಂಡೆಝ್ ಅರ್ಧ ಗಂಟೆಯ ಚಿತ್ರವನ್ನು ಆರೇ ತಿಂಗಳಲ್ಲಿ ಸಿದ್ಧಪಡಿಸಬೇಕಾಯಿತು. ಹಬ್ಬವು ವ್ಯಾಪಾರವಾಗಿಬಿಟ್ಟಿದೆ ಎಂದು ಖಿನ್ನನಾದ ಚಾರ್ಲಿ ಬ್ರೌನ್, ಥಳಥಳಿಸುವ ಅಲ್ಯೂಮಿನಿಯಂ ಮರಗಳ ನಡುವೆ ಬಡಕಲು ಗಿಡವೊಂದನ್ನು ಆರಿಸಿ ತರುವುದು ಇದರ ಕಥೆ. ಸಾಕ್ಷ್ಯಚಿತ್ರಕ್ಕಾಗಿ ರಚಿಸಿದ್ದ 'ಲೈನಸ್ ಅಂಡ್ ಲೂಸಿ' ಇಲ್ಲಿ ಮಕ್ಕಳ ಕುಣಿತದ ದೃಶ್ಯಕ್ಕೆ ಬಳಕೆಯಾಯಿತು. ಹಿಮದ ಮೇಲೆ ಜಾರುವ ದೃಶ್ಯಕ್ಕೆ ಗ್ವರಾಲ್ಡಿ 'ಸ್ಕೇಟಿಂಗ್' ಎಂಬ ಹೊಸ ಕೃತಿ ರಚಿಸಿದರು. ಹಳೆಯ ಕ್ರಿಸ್ಮಸ್ ಹಾಡುಗಳನ್ನು ಜಾಝ್ ನಡೆಗೆ ಅಳವಡಿಸಿದರು.

ಚಿತ್ರದ ಆರಂಭದ ರಾಗ ಮೊದಲಿಗೆ ಮಾತಿಲ್ಲದ ವಾದ್ಯಕೃತಿಯಾಗಿತ್ತು. ಮೂರು ಎಣಿಕೆಯ ನಿಧಾನ ವಾಲ್ಟ್ಸ್ ನಡೆಯ ಈ ರಾಗಕ್ಕೆ ಪದಗಳಿದ್ದರೆ ಚೆನ್ನೆಂದು ತೋರಿದರೂ ಬರೆದುಕೊಡುವವರು ಸಿಗಲಿಲ್ಲ. ಕೊನೆಗೆ ಮೆಂಡೆಲ್ಸನ್ ಅವರೇ ಲಕೋಟೆಯೊಂದರ ಹಿಂದೆ ಕೆಲವೇ ನಿಮಿಷಗಳಲ್ಲಿ ಸಾಹಿತ್ಯ ಬರೆದರು. 'ಕ್ರಿಸ್ಮಸ್ ಟೈಮ್ ಈಸ್ ಹಿಯರ್' ಹುಟ್ಟಿದ್ದು ಹೀಗೆ. ಹಾಡಿದವರು ಸೇಂಟ್ ಪಾಲ್ಸ್ ಚರ್ಚಿನ ಮಕ್ಕಳು. ಅವರ ಧ್ವನಿಯಲ್ಲಿನ ಸಣ್ಣಪುಟ್ಟ ಏರುಪೇರುಗಳನ್ನು ತಿದ್ದದೆ ಹಾಗೆಯೇ ಉಳಿಸಿಕೊಳ್ಳಲಾಯಿತು. ಹಬ್ಬದ ಹಾಡಾಗಿದ್ದರೂ ಇದರ ಸ್ವರಸಂಚಾರದಲ್ಲಿ ವಿಷಾದದ ಎಳೆಯೊಂದಿದೆ. ಬೇರೆಲ್ಲ ಕ್ರಿಸ್ಮಸ್ ಹಾಡುಗಳ ಸಡಗರದ ನಡುವೆ ಇದು ಪ್ರತ್ಯೇಕವಾಗಿ ಕೇಳಿಸುವುದಕ್ಕೂ, ಬಾಲ್ಯವನ್ನು ನೆನೆಯುವ ವಯಸ್ಕರನ್ನು ವಿಶೇಷವಾಗಿ ತಟ್ಟುವುದಕ್ಕೂ ಇದೇ ಕಾರಣವಿರಬೇಕು.

ಪ್ರಸಾರಕ್ಕೆ ಸುಮಾರು ಒಂದು ವಾರ ಮೊದಲು ಚಿತ್ರವನ್ನು ನೋಡಿದ ಸಿಬಿಎಸ್ ಜಾಲದ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಕಥೆಯ ಗತಿ ಮಂದವಾಗಿತ್ತು, ನಗುವಿನ ಧ್ವನಿಪಟ್ಟಿ ಇರಲಿಲ್ಲ, ಪಾತ್ರಗಳಿಗೆ ನಿಜವಾದ ಮಕ್ಕಳೇ ಧ್ವನಿ ನೀಡಿದ್ದರು, ಬೈಬಲ್ಲಿನ ಭಾಗವೊಂದನ್ನು ಓದಲಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳ ಕಾರ್ಯಕ್ರಮಕ್ಕೆ ಜಾಝ್ ಹೊಂದುವುದಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಕ್ಲಬ್ಬುಗಳ ಹೊಗೆ, ಮದ್ಯಗಳೊಂದಿಗೆ ಗುರುತಿಸಲ್ಪಡುತ್ತಿದ್ದ ಸಂಗೀತವದು. ಇನ್ನು ಮುಂದೆ ಇಂತಹ ಚಿತ್ರಗಳು ಬೇಡವೆಂದು ಅವರು ತಿಳಿಸಿದರು. ಆದರೆ ಪ್ರಸಾರದ ದಿನ ಗೊತ್ತಾಗಿಹೋಗಿದ್ದುದರಿಂದ ಚಿತ್ರವನ್ನು ತಡೆಹಿಡಿಯುವಂತಿರಲಿಲ್ಲ.

1965ರ ಡಿಸೆಂಬರ್ 9ರ ರಾತ್ರಿ, ಆ ಹೊತ್ತಿಗೆ ದೂರದರ್ಶನ ನೋಡುತ್ತಿದ್ದ ಅಮೇರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಚಿತ್ರವನ್ನು ವೀಕ್ಷಿಸಿದರು. ಅದಕ್ಕೆ ಎಮಿ ಮತ್ತು ಪೀಬಡಿ ಪ್ರಶಸ್ತಿಗಳು ದೊರೆತವು. ಸಿಬಿಎಸ್ ಮತ್ತಷ್ಟು ಚಿತ್ರಗಳನ್ನು ಕೇಳಿ ಪಡೆಯಿತು.

ಈ ಚಿತ್ರ ಒಂಟಿಯಾಗಿರಲಿಲ್ಲ. ಜಾನಿ ಮಾರ್ಕ್ಸ್ ಅವರ ಹಾಡುಗಳಿದ್ದ 'ರುಡಾಲ್ಫ್ ದ ರೆಡ್-ನೋಸ್ಡ್ ರೇನ್‌ಡಿಯರ್' 1964ರಲ್ಲಿ, ಬೋರಿಸ್ ಕಾರ್ಲೋಫ್ ನಿರೂಪಿಸಿದ 'ಹೌ ದ ಗ್ರಿಂಚ್ ಸ್ಟೋಲ್ ಕ್ರಿಸ್ಮಸ್' 1966ರಲ್ಲಿ, 'ಫ್ರಾಸ್ಟಿ ದ ಸ್ನೋಮ್ಯಾನ್' 1969ರಲ್ಲಿ ಬಂದವು. ಮನೆಯಲ್ಲಿ ವಿಡಿಯೋ ಮುದ್ರಿಸಿಕೊಳ್ಳುವ ಅನುಕೂಲ ಆಗ ಜನಸಾಮಾನ್ಯರಿಗೆ ಇರಲಿಲ್ಲ. ಇವೆಲ್ಲ ವರ್ಷಕ್ಕೊಮ್ಮೆ, ಗೊತ್ತಾದ ಒಂದು ರಾತ್ರಿ ಮಾತ್ರ ಕಾಣಸಿಗುತ್ತಿದ್ದವು. ಆ ರಾತ್ರಿ ತಪ್ಪಿದರೆ ಮುಂದಿನ ಡಿಸೆಂಬರಿನವರೆಗೆ ಕಾಯಬೇಕು. ಒಂದು ಪೀಳಿಗೆಯ ಮಕ್ಕಳಿಗೆ ಈ ಕಾಯುವಿಕೆಯೇ ಹಬ್ಬದ ಭಾಗವಾಯಿತು. ಹಾಗಿದ್ದರೂ, ಚಿತ್ರವನ್ನು ಕಾಣದೆ ಸಂಗೀತವನ್ನಷ್ಟೇ ವರ್ಷವಿಡೀ ಕೇಳಲು ಗ್ವರಾಲ್ಡಿಯವರ ಆಲ್ಬಂ ಇತ್ತು. ಅದು ಚಿತ್ರದೊಂದಿಗೇ ಡಿಸೆಂಬರಿನಲ್ಲಿ ಬಿಡುಗಡೆಯಾಗಿತ್ತು.

ನಂತರದ ವರ್ಷಗಳು

ಇಷ್ಟೆಲ್ಲ ಯಶಸ್ಸಿನ ಆರ್ಥಿಕ ಫಲದಲ್ಲಿ ತಮಗೆ ಸಲ್ಲುತ್ತಿದ್ದ ಪಾಲು ತೀರ ಚಿಕ್ಕದೆಂಬುದು ಗ್ವರಾಲ್ಡಿಯವರ ಅಸಮಾಧಾನವಾಗಿತ್ತು. ಫ್ಯಾಂಟಸಿ ಸಂಸ್ಥೆಯೊಂದಿಗಿನ ಒಪ್ಪಂದದಿಂದ ಬಿಡುಗಡೆ ಕೋರಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಇತ್ಯರ್ಥವಾದ ನಂತರ ವಾರ್ನರ್ ಬ್ರದರ್ಸ್ ಸಂಸ್ಥೆಯನ್ನು ಸೇರಿ 1968–69ರಲ್ಲಿ ಮೂರು ಆಲ್ಬಂಗಳನ್ನು ಹೊರತಂದರು. ಅವುಗಳಲ್ಲಿ ಕೊನೆಯದಾದ 'ಆಲ್ಮಾ-ವಿಲ್' ಅವರ ಜೀವಿತಕಾಲದಲ್ಲಿ ಬಿಡುಗಡೆಯಾದ ಕೊನೆಯ ಆಲ್ಬಂ ಕೂಡ ಹೌದು.

ಪೀನಟ್ಸ್ ಚಿತ್ರಗಳ ಕೆಲಸ ಮಾತ್ರ ಎಡೆಬಿಡದೆ ಸಾಗಿತು. 'ಇಟ್ಸ್ ದ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್' (1966), 'ಎ ಚಾರ್ಲಿ ಬ್ರೌನ್ ಥ್ಯಾಂಕ್ಸ್‌ಗಿವಿಂಗ್' (1973) ಮುಂತಾದ ಹದಿನೈದರಷ್ಟು ಚಿತ್ರಗಳಿಗೆ ಅವರು ಸಂಗೀತ ನೀಡಿದರು. ಥ್ಯಾಂಕ್ಸ್‌ಗಿವಿಂಗ್ ಚಿತ್ರದ 'ಲಿಟಲ್ ಬರ್ಡೀ' ಹಾಡನ್ನು ಸ್ವತಃ ಹಾಡಿದ್ದಾರೆ. 1970ರ ದಶಕದಲ್ಲಿ ಎಲೆಕ್ಟ್ರಿಕ್ ಪಿಯಾನೋ, ಫಂಕ್ ಲಯಗಳತ್ತಲೂ ಹೊರಳಿದರು. ಆ ಅವಧಿಯ ಸಂಗೀತಕ್ಕೆ ಮೊದಲ ಕ್ರಿಸ್ಮಸ್ ಚಿತ್ರದ ಸೂಕ್ಷ್ಮತೆ ಎಲ್ಲೆಡೆಯೂ ಇಲ್ಲ. ಆದರೆ ಅವರ ಕುತೂಹಲ ಬತ್ತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ದೇಶದಾದ್ಯಂತ ಮನೆಮನೆಗೂ ತಮ್ಮ ರಾಗಗಳು ತಲುಪಿದ ನಂತರವೂ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ಚಿಕ್ಕ ಕ್ಲಬ್ಬುಗಳಲ್ಲಿ ನುಡಿಸುವುದನ್ನು ಅವರು ಬಿಡಲಿಲ್ಲ.

ನಿಧನ

1976ರ ಫೆಬ್ರವರಿ 6ರ ಮಧ್ಯಾಹ್ನ ಗ್ವರಾಲ್ಡಿ, ಗಿಡ ನೆಡುವ ದಿನದ ಕುರಿತಾದ 'ಇಟ್ಸ್ ಆರ್ಬರ್ ಡೇ, ಚಾರ್ಲಿ ಬ್ರೌನ್' ಚಿತ್ರದ ಧ್ವನಿಮುದ್ರಣ ಮುಗಿಸಿದರು. ಅಂದು ಸಂಜೆ ಮೆನ್ಲೊ ಪಾರ್ಕ್ ಪಟ್ಟಣದ ಬಟರ್‌ಫೀಲ್ಡ್ಸ್ ಎಂಬ ಕ್ಲಬ್ಬಿನಲ್ಲಿ ಕಛೇರಿಯ ಮೊದಲ ಭಾಗ ನುಡಿಸಿ, ವಿರಾಮದಲ್ಲಿ ವಿಶ್ರಮಿಸಲು ಪಕ್ಕದ ವಸತಿಗೃಹದ ಕೋಣೆಗೆ ತೆರಳಿದ್ದಾಗ ಕುಸಿದುಬಿದ್ದು ಕೊನೆಯುಸಿರೆಳೆದರು. ಹೃದಯಾಘಾತವೇ ಸಾವಿಗೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆಗ ಅವರಿಗೆ 47 ವರ್ಷ. ಅವರನ್ನು ಕೋಲ್ಮಾದ ಹೋಲಿ ಕ್ರಾಸ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಅಂದು ಧ್ವನಿಮುದ್ರಿಸಿದ ಸಂಗೀತವಿದ್ದ ಚಿತ್ರವು ಮಾರ್ಚ್ 16ರಂದು ಪ್ರಸಾರವಾಯಿತು.

ಪ್ರಭಾವ

ಬಾಲ್ಯದಲ್ಲಿ ಚಾರ್ಲಿ ಬ್ರೌನ್ ಚಿತ್ರಗಳ ಮೂಲಕವೇ ಮೊದಲ ಬಾರಿಗೆ ಜಾಝ್ ಕೇಳಿದ ಪೀಳಿಗೆಯೊಂದು ಗ್ವರಾಲ್ಡಿಯವರ ನಂತರ ಬೆಳೆದುಬಂದಿತು. ಪಿಯಾನೋ ವಾದಕ ಡೇವಿಡ್ ಬೆನೋಯಿ ಅವರ ಶೈಲಿಯನ್ನು ಮುಂದುವರಿಸಿ ನಂತರದ ಪೀನಟ್ಸ್ ಚಿತ್ರಗಳಿಗೆ ಸಂಗೀತ ನೀಡಿದರು. ವಿಂಟನ್ ಮಾರ್ಸಾಲಿಸ್ ಮತ್ತು ಎಲಿಸ್ ಮಾರ್ಸಾಲಿಸ್ 1995ರಲ್ಲಿ, ಜಾರ್ಜ್ ವಿನ್‌ಸ್ಟನ್ 1996ರಲ್ಲಿ ಅವರ ರಚನೆಗಳನ್ನು ಆಧರಿಸಿದ ಆಲ್ಬಂಗಳನ್ನು ಹೊರತಂದರು. ಕ್ರಿಸ್ಮಸ್ ಚಿತ್ರದ ಆಲ್ಬಂ 2007ರಲ್ಲಿ ಗ್ರ್ಯಾಮಿ ಗೌರವಪಟ್ಟಿಗೂ, 2012ರಲ್ಲಿ ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡುವ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೂ ಸೇರಿತು.

ಕ್ರಿಸ್ಮಸ್ ಚಿತ್ರವು 2000ದವರೆಗೆ ಸಿಬಿಎಸ್‌ನಲ್ಲಿಯೂ, ನಂತರ ಎಬಿಸಿಯಲ್ಲಿಯೂ ಪ್ರತಿವರ್ಷ ಪ್ರಸಾರವಾಗುತ್ತಿತ್ತು. 2020ರಲ್ಲಿ ಅದು ಆ್ಯಪಲ್ ಟಿವಿ ಪ್ಲಸ್ ಸೇವೆಗೆ ವರ್ಗವಾದಾಗ, ಉಚಿತವಾಗಿ ನೋಡುವ ರೂಢಿ ತಪ್ಪಿತೆಂದು ಅಮೇರಿಕದ ವೀಕ್ಷಕರಿಂದ ವ್ಯಾಪಕ ಆಕ್ಷೇಪ ವ್ಯಕ್ತವಾಯಿತು. ಆ ವರ್ಷ ಸಾರ್ವಜನಿಕ ದೂರದರ್ಶನ ಜಾಲವಾದ ಪಿಬಿಎಸ್‌ನಲ್ಲಿಯೂ ಅದನ್ನು ತೋರಿಸಲಾಯಿತು. ಕಳೆದುಹೋಗಿವೆಯೆಂದು ಭಾವಿಸಲಾಗಿದ್ದ ಮೂಲ ಧ್ವನಿಪಟ್ಟಿಗಳು ಪತ್ತೆಯಾದುದರಿಂದ 'ಗ್ರೇಟ್ ಪಂಪ್ಕಿನ್' ಚಿತ್ರದ ಪೂರ್ಣ ಸಂಗೀತ 2022ರಲ್ಲಿಯೂ, ಥ್ಯಾಂಕ್ಸ್‌ಗಿವಿಂಗ್ ಚಿತ್ರದ ಸಂಗೀತ 2023ರಲ್ಲಿಯೂ ಗ್ವರಾಲ್ಡಿಯವರ ಹೆಸರಿನಲ್ಲಿ ಬಿಡುಗಡೆಯಾದವು.